ನಲ್ಲಿ ಜುಮ್ ಅಂತೈತೆ

ಹೊಸ ರೇಡಿಯೋವನ್ನು ಮನೆಯ ಯಾವ ಜಾಗದಲ್ಲಿ ಇಡಬೇಕು ಎಂಬುದು ಸಾಮಾನ್ಯ ಪ್ರಶ್ನೆಯಲ್ಲ. ಹೆಣ್ಣು ಕೊಡುವ, ಪಾಯ ತೋಡುವ, ಬೋರು ಕೊರೆಸುವ ಪ್ರಶ್ನೆಗಳ ಸಾಲಿನಲ್ಲಿ ನಿಲ್ಲತಕ್ಕ ಪ್ರಶ್ನೆ ಅದು ಎಂದು ಆ ಭಾನುವಾರ ಬೆಳಗ್ಗೆ ಜಗಳೂರಿನ ಪಾಲಣ್ಣನ ಮನೆಯಲ್ಲಿ ಸೇರಿದ್ದ ನಾಲ್ವರಲ್ಲಿ ಮೂವರಿಗಾದರೂ ಖಾತ್ರಿಯಾಗಿತ್ತು. ರೇಡಿಯೋ ನಡುಮನೆಯ ಚಾಪೆಯ ಮೇಲೆ, ಬಿಚ್ಚಿದ ಡಬ್ಬಿಯ ಪಕ್ಕದಲ್ಲಿ, ಹಣೆಗೆ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಪಾಲಣ್ಣನ ಅಕ್ಕ ಸಾವಂತ್ರಮ್ಮ ಹಿಂದಿನ ಓಣಿಯಿಂದ ಇದಕ್ಕೆಂದೇ ಬಂದಿದ್ದಳು. ಅವಳು ಒಡೆದ ಕಾಯಿಯ ನೀರು ರೇಡಿಯೋದ ಬೆನ್ನಿನ ತೂತುಗಳಿಗೆ ಇನ್ನೇನು ಇಳಿಯಬೇಕು ಅನ್ನುವಾಗ ಪಾಲಣ್ಣನ ಸೊಸೆ ಚೈತ್ರಶ್ರೀ ತನ್ನ ವೇಲಿನಿಂದ ಒರೆಸಿ ಉಳಿಸಿದ್ದಳು.

"ಟಿವಿ ಮಗ್ಗುಲಿಗೆ ಇಡಪ್ಪ," ಎಂದಳು ಸಾವಂತ್ರಮ್ಮ. "ಬಂದೋರು ಹೋದೋರಿಗೆ ಕಾಣ್ಬೇಕು."

"ರೇಡಿಯೋ ಇರೋದು ಕೇಳಾಕೆ ಕಣಕ್ಕ, ನೋಡಾಕಲ್ಲ."

"ಹಂಗಾರೆ ಅದಕ್ಕೆ ಗಾಜಿನ ಮುಖ ಯಾಕೆ ಕೊಟ್ಟಾರೆ?"

ಅದು ಡಿಜಿಟಲ್ ರೇಡಿಯೋ. ಮುಳ್ಳು, ತಿರುಗುವ ಚಕ್ರ ಯಾವುದೂ ಇಲ್ಲ. ಗಾಜಿನ ಮೇಲೆ ಟೈಮು, ಸ್ಟೇಷನ್ನಿನ ಹೆಸರು ನೀಲಿ ಅಕ್ಷರದಲ್ಲಿ ಬರುತ್ತಿದ್ದವು. ಲೈನ್‌ಮನ್ನಾಗಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಎಂದು ಕಂಬ ಹತ್ತಿಳಿದು, ಕೊನೆಗೆ ಸ್ವಂತ ಊರಿನಲ್ಲೇ ಪಾಲಣ್ಣ ನಿವೃತ್ತನಾಗಿ ತಿಂಗಳು ತುಂಬಿರಲಿಲ್ಲ. ಬೀಳ್ಕೊಡುಗೆಗೆ ಏನು ಬೇಕೆಂದು ಜೊತೆಯವರು ಕೇಳಿದಾಗ, ಉಂಗುರ ಬೇಡ, ಗೋಡೆ ಗಡಿಯಾರವಂತೂ ಬೇಡವೇ ಬೇಡ, ಒಂದು ರೇಡಿಯೋ ಕೊಡಿಸ್ರಪ್ಪ ಅಂದಿದ್ದ. ಎಲ್ಲರೂ ನಕ್ಕಿದ್ದರು. ನಕ್ಕರೂ ಹುಡುಕಾಡಿ ಒಳ್ಳೆಯದನ್ನೇ ತಂದಿದ್ದರು.

ರೇಡಿಯೋ ಕೇಳಿದ್ದಕ್ಕೆ ಕಾರಣವಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೊನ್ನಾಳಿಯ ಬಾಡಿಗೆ ಮನೆಯಲ್ಲಿ ಹೊಸದಾಗಿ ಸಂಸಾರ ಹೂಡಿದಾಗ ಅವನ ಟ್ರಾನ್ಸಿಸ್ಟರು ಮಂಚದ ತಲೆದೆಸೆಯಲ್ಲಿರುತ್ತಿತ್ತು. ಹೆಂಡತಿ ಗಾದ್ರಮ್ಮ ಗೋಡೆಯಾಚೆ ಮುದ್ದೆ ತಿರುವುತ್ತ ಅತ್ತಲೇ ಕಿವಿಯಿಟ್ಟು ಕೇಳುತ್ತಿದ್ದಳು. ಹಾಡಿನ ಪಲ್ಲವಿ ಕೇಳಿಸಿದರೆ ಚರಣ ಕೇಳಿಸುತ್ತಿರಲಿಲ್ಲ. "ನಿಂಗೇ ಅಂತ ಒಂದು ಅಡಿಗೆಮನ್ಯಾಗೆ ತಂದಿಡ್ತೀನಿ, ತಡಿ," ಎಂದಿದ್ದ ಪಾಲಣ್ಣ. ಆ 'ತಡಿ' ಒಂದು ಸರ್ವೀಸಿನಷ್ಟು ಉದ್ದವಾಯಿತು.

"ಇದು ಅಡಿಗೆಮನೆ ಕಿಟಕಿ ಮೇಲೆ," ಎಂದು ಅವನು ಈಗ ತೀರ್ಪು ಕೊಟ್ಟ. ಕೊಟ್ಟು, ಹೆಂಡತಿಯ ಮುಖ ಅರಳುವುದನ್ನು ನೋಡಲು ತಿರುಗಿದ.

ಗಾದ್ರಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದಳು. ಕಾಲಲ್ಲಿ ಎಂದಿನಂತೆ ನೀಲಿ ಪಟ್ಟಿಯ ಹವಾಯಿ ಚಪ್ಪಲಿ.

"ಅಡಿಗೆಮನ್ಯಾಗೆ ಬ್ಯಾಡ್ರಿ," ಎಂದಳು.

ಪಾಲಣ್ಣನಿಗೆ ತಾನು ಕೇಳಿದ್ದು ಸರಿಯೇ ಎಂದು ನಂಬಲಾಗಲಿಲ್ಲ. ಇಷ್ಟು ವರ್ಷ ಕಾದಿದ್ದವಳು, ಕೈಗೆ ಬಂದದ್ದನ್ನು, ಅದೂ ಅಕ್ಕನ ಎದುರಿಗೆ, ಬೇಡ ಅನ್ನುತ್ತಿದ್ದಳು.

"ಯಾಕೆ?"

"ಅಲ್ಲಿ ನಲ್ಲಿ ಜುಮ್ ಅಂತೈತೆ. ಹೊಸಾ ವಸ್ತು. ಎಲ್ಲಿಗಾದ್ರೂ ತಾಗಿ ಸುಟ್ಟುಗಿಟ್ಟು ಹೋದೀತು."

ಸಾವಂತ್ರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅದು ನಗುವನ್ನು ಅಡಗಿಸಲಿಕ್ಕಲ್ಲ. ನಗುತ್ತಿದ್ದೇನೆ ಎಂದು ತೋರಿಸಲಿಕ್ಕೆ. "ಬಂತು ನೋಡು ಜುಮ್ಮು! ಊರಿಗೆಲ್ಲ ಕರೆಂಟು ಕೊಟ್ಟೋನ ಹೆಂಡ್ತಿಗೆ ನಲ್ಲಿ ಜುಮ್ ಅಂತೈತಂತೆ."

ಈ ಜುಮ್ಮಿಗೆ ಆ ಮನೆಯಲ್ಲಿ ಒಂದು ಚರಿತ್ರೆಯಿತ್ತು. ಬಚ್ಚಲ ಹೊರಗೆ ನೆಲದಡಿಯಲ್ಲಿದ್ದ ಕಬ್ಬಿಣದ ಪೈಪು ತುಕ್ಕು ಹಿಡಿದು ತೂತು ಬಿದ್ದಾಗ ಪಾಲಣ್ಣ ಪ್ಲಂಬರನನ್ನು ಕರೆಸಿ, ಹಾಳಾದಷ್ಟನ್ನು ಕತ್ತರಿಸಿ ತೆಗೆಸಿ, ಪ್ಲಾಸ್ಟಿಕ್ ಪೈಪು ಹಾಕಿಸಿದ್ದ. ಗಾದ್ರಮ್ಮನ ದೂರು ಶುರುವಾದದ್ದು ಅದಾದ ಮೇಲೆ. ನಲ್ಲಿ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದೆ, ಮೊಣಕೈವರೆಗೂ ಇರುವೆ ಹರಿದಂತಾಗುತ್ತದೆ ಎಂದಳು. ಆಗಿನ್ನೂ ಅವನು ಕತ್ತಲಿರುವಾಗಲೇ ಡ್ಯೂಟಿಗೆ ಹೊರಡುತ್ತಿದ್ದ. ಸ್ನಾನ ಸಂಜೆ ಬಂದ ಮೇಲೆ. ಒಂದು ದಿನ ಮಧ್ಯಾಹ್ನ ಊಟಕ್ಕೆ ಬಂದಾಗ ಟೆಸ್ಟರನ್ನು ಜೇಬಿನಿಂದ ತೆಗೆದು, ಅಕ್ಕನನ್ನೂ ಸಾಕ್ಷಿಗೆ ನಿಲ್ಲಿಸಿಕೊಂಡು, ನಲ್ಲಿಗೆ ಮುಟ್ಟಿಸಿ ತೋರಿಸಿದ್ದ. ಟೆಸ್ಟರು ಉರಿಯಲಿಲ್ಲ. "ನೋಡಿದ್ಯಾ? ಮನುಷ್ಯ ಸುಳ್ಳು ಹೇಳಬೌದು, ಟೆಸ್ಟರ್ ಹೇಳಲ್ಲ," ಎಂದಿದ್ದ. ಜುಮ್ ಅನ್ನುವುದು ನಲ್ಲಿಯಲ್ಲವಾದ ಮೇಲೆ ಕೈಯೇ ಇರಬೇಕಲ್ಲ? ಡಾಕ್ಟರು ನರದ ವೀಕ್ನೆಸ್ ಇರಬಹುದು ಎಂದು ಕೆಂಪು ಕ್ಯಾಪ್ಸೂಲು ಬರೆದುಕೊಟ್ಟರು. ಗಾದ್ರಮ್ಮ ಒಂದೂ ಬಿಡದೆ ನುಂಗಿದಳು.

"ಉಚ್ಚೆ ಹಳದಿ ಆತು," ಎಂದಿದ್ದಳು ಕೊನೆಗೆ. "ನಲ್ಲಿ ಮಾತ್ರ ಜುಮ್ ಅನ್ನೋದು ಬಿಡಲಿಲ್ಲ."

ಆಮೇಲೆ ಅವಳು ಹೇಳುವುದನ್ನು ಬಿಟ್ಟಳು. ಬದಲಿಗೆ ಅಡುಗೆಮನೆಯಲ್ಲಿ ಚಪ್ಪಲಿ ಮೆಟ್ಟಿದಳು. ಜಗುಲಿಯ ಮೇಲೆ ಮನೆದೇವರಿರುವ, ದೀಪ ಹಚ್ಚುವ ಅಡುಗೆಮನೆಯಲ್ಲಿ! ಸಾವಂತ್ರಮ್ಮ ಮೂರು ಓಣಿಗೆ ಸುದ್ದಿ ಮುಟ್ಟಿಸಿದಳು. ಹೆಂಡತಿ ಒಲೆಯ ಮುಂದೆ ಚಪ್ಪಟ್ ಚಪ್ಪಟ್ ಎಂದು ಓಡಾಡುವ ಸದ್ದು ಕೇಳಿದಾಗಲೆಲ್ಲ ಪಾಲಣ್ಣನಿಗೆ ತನ್ನ ಮರ್ಯಾದೆಯ ಮೇಲೇ ನಡೆದಂತೆ ಅನ್ನಿಸುತ್ತಿತ್ತು. ಅವಳ ವಿಚಿತ್ರ ಅಲ್ಲಿಗೇ ನಿಲ್ಲಲಿಲ್ಲ. ನಲ್ಲಿಗೆ ಹರಕು ಸೈಕಲ್ ಟ್ಯೂಬು ಸುತ್ತಿದಳು. ಓಣಿಯವರೆಲ್ಲ ಬೆಳಗ್ಗೆ ಬಟ್ಟೆ ಒಣಗಹಾಕಿದರೆ ಅವಳು ಮಧ್ಯಾಹ್ನದ ಮೇಲೆ ತಂತಿಯ ಹತ್ತಿರ ಹೋಗುತ್ತಿದ್ದಳು. ಬಚ್ಚಲ ನಲ್ಲಿಯನ್ನು ಯಾರಿಗೂ ಮುಟ್ಟಗೊಡದೆ ಬಿಸಿನೀರನ್ನು ತಾನೇ ಪ್ಲಾಸ್ಟಿಕ್ ಬಕೀಟಿಗೆ ತುಂಬಿ, "ಹೋಗ್ರಿ ಈಗ," ಎಂದು ಗಂಡನನ್ನು ಸ್ನಾನಕ್ಕೆ ಕಳಿಸುತ್ತಿದ್ದಳು. ಸೊಸೆ ಬಂದ ಮೇಲೆ ಸೊಸೆಗೂ ಹಾಗೇ. "ಸೊಸೆಗೆ ನೀರು ತೋಡಿಕೊಡೋ ಅತ್ತೇನ ನಾನು ಈ ಜನ್ಮದಾಗೆ ನೋಡಿರಲಿಲ್ಲ ಕಣಮ್ಮ," ಎಂದು ಸಾವಂತ್ರಮ್ಮ ಆ ಸುದ್ದಿಯನ್ನೂ ಮುಟ್ಟಿಸಿದಳು. ಹಿತ್ತಲ ಬಾಗಿಲ ಹಿಂದೆ ಮೊಳೆ ಹೊಡೆದು ಹಳೆಯ ಮುದ್ದೆಕೋಲೊಂದನ್ನು ನೇತುಹಾಕಿದ್ದು ಯಾಕೆ ಎಂದು ಮಾತ್ರ ಯಾರೂ ಕೇಳಲಿಲ್ಲ. ನಾಯಿ ಓಡಿಸಲಿಕ್ಕೆ ಎಂದುಕೊಂಡಿದ್ದರು.

"ಈ ಮನ್ಯಾಗೆ ಕರೆಂಟು ನನ್ನ ಕೇಳಿ ಓಡಾಡ್ತೈತೆ," ಎಂದ ಪಾಲಣ್ಣ. ರೇಡಿಯೋವನ್ನು ಎರಡೂ ಕೈಯಲ್ಲಿ ಎತ್ತಿ, ಹೆಂಡತಿಯನ್ನು ದಾಟಿ, ತನ್ನ ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಅಡುಗೆಮನೆಗೆ ಹೋಗಿ ಕಿಟಕಿಯ ಕಟ್ಟೆಯ ಮೇಲೆ ಕೂರಿಸಿದ. ಚಪ್ಪಲಿ ಬಿಟ್ಟದ್ದು ಎಲ್ಲರಿಗೂ ಕಾಣುವಂತೆ ಬಿಟ್ಟ.

ಗಾದ್ರಮ್ಮ ಮೂಲೆಗಿದ್ದ ಒಣ ಮಣೆಯೊಂದನ್ನು ತಂದು ರೇಡಿಯೋದ ಕೆಳಗೆ ತಳ್ಳಿದಳು. ಸಿಂಕಿನ ನೀರು ಸಿಡಿಯದಷ್ಟು ಈಚೆಗೆ ಸರಿಸಿದಳು.

ಚೈತ್ರಶ್ರೀ ಡಬ್ಬಿಯೊಳಗಿನ ಪುಸ್ತಕ ಹಿಡಿದುಕೊಂಡು ಬಂದಳು. ಅದರಲ್ಲಿ ಊರಿಲ್ಲದ ಊರಿನ ಭಾಷೆಗಳೆಲ್ಲ ಇದ್ದವು, ಕನ್ನಡವೊಂದಿರಲಿಲ್ಲ. ಅವಳು ಇಂಗ್ಲಿಷಿನಿಂದ ತಿಳಿದಷ್ಟು ಹೇಳತೊಡಗಿದಳು.

"ಮಾವ, ಹಚ್ಚೋಕಿಂತ ಮೊದ್ಲು ಇದನ್ನ ಓದಿ ಅಂತ ದಪ್ಪ ಅಕ್ಷರದಾಗೆ ಹಾಕ್ಯಾರೆ. ಗಾಳಿ ಆಡೋ ತೂತು ಮುಚ್ಚಬಾರದಂತೆ."

ಸಾವಂತ್ರಮ್ಮ ತಾನೇ ಹೆಣೆದು ತಂದಿದ್ದ ಉಲ್ಲನ್ನಿನ ಕವರನ್ನು ಮುಖ ಊದಿಸಿಕೊಂಡು ವಾಪಸು ತೆಗೆದಳು.

"ಜೊತಿಗೆ ಕೊಟ್ಟಿರೋ ಅಡಾಪ್ಟರೇ ಹಾಕ್ಬೇಕಂತೆ. ಒದ್ದೆ ಕೈಯಾಗೆ ಪ್ಲಗ್ ಮುಟ್ಟಬಾರದಂತೆ. ಗುಡುಗು ಮಿಂಚು ಬಂದ್ರೆ ವೈರು ಕೀಳಬೇಕಂತೆ. ಹೊರಗಡೆ ಏರಿಯಲ್ ಎಳದ್ರೆ..."

"ಏರಿಯಲ್ ಎಳೆಯೋದು ನಂಗೆ ಹೇಳಿಕೊಡ್ತೈತಾ ಅದು?" ಪಾಲಣ್ಣ ನಕ್ಕ. "ಆ ಪುಸ್ತಕ ಬರದೋನು ಒಂದು ದಿನಾನಾದ್ರೂ ಕಂಬ ಹತ್ಯಾನಾ ಕೇಳು. ನಲ್ಲೂರಿನ ತೋಟದಾಗೆ ಒಬ್ಬನ್ನ ಲೈನು ಹಿಡಕಂಡಿತ್ತು..."

"ಒಣ ಗಳ ತಗಂಡು ಹೊಡದು ಬಿಡಿಸಿದ್ರಿ," ಎಂದು ಸೊಸೆ ಮುಗಿಸಿದಳು. ಮದುವೆಯಾಗಿ ಬಂದ ವಾರದಲ್ಲೇ ಅವಳಿಗೆ ಆ ಕಥೆ ಬಾಯಿಪಾಠವಾಗಿತ್ತು. ಅದನ್ನು ಪಾಲಣ್ಣ ಮುದ್ದೆಯ ಜೊತೆ ಸಾರಿನಂತೆ ಬಡಿಸುತ್ತಿದ್ದ. ತೋಟದವರೆಲ್ಲ ಬಾಯಿಬಡಿದುಕೊಳ್ಳುತ್ತ ನಿಂತಿದ್ದರು, ಒಬ್ಬ ಹೋಗಿ ತಬ್ಬಿ ಎಳೆಯಲು ನೋಡಿದ, ಇವನು ಅವನನ್ನು ಒದ್ದು ದೂರ ಕೆಡವಿ, ಗಳ ಕಿತ್ತುಕೊಂಡು, ಮಣಿಕಟ್ಟಿಗೆ ಒಂದೇ ಏಟು. "ಮೈ ಮುಟ್ಟಬಾರದು, ಕೂಗ್ತಾ ನಿಲ್ಲಬಾರದು, ಯೋಚ್ನೆ ಮಾಡಬಾರದು. ಹೊಡೀಬೇಕು!" ಎಂಬಲ್ಲಿ ತಟ್ಟೆಯ ಅಂಚನ್ನು ಕುಟ್ಟುತ್ತಿದ್ದ. ಮಗ ಓಬಳೇಶ ಆ ಹೊತ್ತಿಗೆ ಕೈ ತೊಳೆಯಲು ಏಳುತ್ತಿದ್ದ. ಬಸ್ಸಿನ ಡ್ರೈವರು ಅವನು. ಆವತ್ತು ದಾವಣಗೆರೆಗೆ ಡ್ಯೂಟಿಗೆ ಹೋಗಿದ್ದ.

ಗುಂಡಿ ಒತ್ತಿದರೆ ರೇಡಿಯೋ ಹಾಡಿತು. ಚಿತ್ರದುರ್ಗ ಸ್ಟೇಷನ್ ಕೊಳಗ ತುಂಬಿ ಚೆಲ್ಲಿದಂತೆ ಕೇಳಿಸಿತು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಡಿಜಿಟಲ್ ಎಂದು ಮೈಮೇಲೆ ಬರೆದುಕೊಂಡ ರೇಡಿಯೋದಲ್ಲಿ ಡಿಜಿಟಲ್ಲೇ ಕೇಳಬೇಕಲ್ಲ? ಬೆಂಗಳೂರಿನ ಡಿಜಿಟಲ್ ಪ್ರಸಾರಕ್ಕೆ ಹಚ್ಚಿದರೆ ಗಾಜಿನ ಮೇಲೆ ಚುಕ್ಕಿಗಳು ಓಡಾಡಿ ಓಡಾಡಿ ಸುಮ್ಮನಾದವು. ಪಾಲಣ್ಣನಿಗೆ ಇದು ಗೊತ್ತಿದ್ದ ರೋಗ. ಔಷಧವೂ ಗೊತ್ತಿತ್ತು. ಹೊನ್ನಾಳಿಯಲ್ಲಿ ಟ್ರಾನ್ಸಿಸ್ಟರಿನಿಂದ ಒಂದು ತಾಮ್ರದ ಎಳೆ ತೆಗೆದು ಬಟ್ಟೆ ಒಣಗಿಸುವ ತಂತಿಗೆ ಕಟ್ಟಿ ಸಿಲೋನ್ ತರಿಸಿದವನು ಅವನು.

"ಮಾವ, ಏರಿಯಲ್ ಅನ್ನ ಬ್ಯಾರೆ ಯಾವ ತಂತಿಗೂ, ಪೈಪಿಗೂ ತಾಗಿಸಬಾರದು ಅಂತೈತೆ," ಎಂದಳು ಚೈತ್ರಶ್ರೀ.

"ಅದು ಲಂಡನ್ನಾಗೆ ಕಣವ್ವ."

ಹಿತ್ತಲಲ್ಲಿ ಬಟ್ಟೆ ತಂತಿಯ ಒಂದು ತುದಿ ನುಗ್ಗೆಮರಕ್ಕೂ ಇನ್ನೊಂದು ತುದಿ ಮೇಲಿನ ಟ್ಯಾಂಕಿಗೆ ಹೋಗುವ ಕಬ್ಬಿಣದ ಪೈಪಿಗೂ ಬಿಗಿದಿತ್ತು. ಪಾಲಣ್ಣ ಮುಂಬಾಗಿಲಿನಿಂದ ಬಳಸಿಕೊಂಡು, ಚಪ್ಪಲಿ ಮೆಟ್ಟಿಕೊಂಡೇ ಹೋಗಿ, ನುಗ್ಗೆಮರದ ತುದಿಯಲ್ಲಿ ತಾಮ್ರದ ಎಳೆಯನ್ನು ಇಕ್ಕಳದಿಂದ ಸುತ್ತಿ ಬಂದ. ಇನ್ನೊಂದು ತುದಿ ಕಿಟಕಿಯೊಳಗಿಂದ ಬಂದು ರೇಡಿಯೋದ ಬೆನ್ನಿಗೆ ಸೇರಿತು. ಗಾಜಿನ ಮೇಲೆ ಚುಕ್ಕಿಗಳು ಸಾಲುಗಟ್ಟಿದವು. ಅಷ್ಟರಲ್ಲಿ ರೇಡಿಯೋ 'ಗುಂಯ್' ಎಂದಿತು.

ಜೇನುಹುಟ್ಟಿಗೆ ಕಲ್ಲು ಬಿದ್ದ ಹಾಗಿನ ಸದ್ದು. ಸಾವಂತ್ರಮ್ಮ ಎರಡು ಹೆಜ್ಜೆ ಹಿಂದೆ ಸರಿದಳು.

"ದೃಷ್ಟಿ ಆಗೈತೆ. ಒಂದು ನಿಂಬೆಹಣ್ಣು ಕೊಡೇ ಹುಡುಗಿ."

"ದೃಷ್ಟಿ ಅಲ್ಲ, ಅಲ್ಲಿ ತುಕ್ಕು ಹಿಡದೈತೆ. ಕನೆಕ್ಷನ್ ಸರಿ ಕೂತಿಲ್ಲ," ಎಂದ ಪಾಲಣ್ಣ.

ಬಚ್ಚಲ ಕಡೆಯಿಂದ ಗಾದ್ರಮ್ಮನ ದನಿ ಬಂತು. "ನೀರು ಕಾಯಾಕೆ ಹೀಟ್ರು ಹಾಕೀನಿ. ಯಾರೂ ತಂತಿ ತಂಟೆಗೆ ಹೋಗಬ್ಯಾಡ್ರಿ."

ಆ ಮಾತು ಪಾಲಣ್ಣನ ಕಿವಿಗೆ ಬಿತ್ತು. ನಿವೃತ್ತನಾದಾಗಿನಿಂದ ದಿನಾ ಬೆಳಗ್ಗೆ ಬೀಳುತ್ತಿದ್ದ ಮಾತೇ. ಕೋಳಿ ಕೂಗುವುದನ್ನು ಯಾರಾದರೂ ಮಾತೆಂದು ಕೇಳುತ್ತಾರೆಯೇ? ಅವನು ಒಂದು ತುಂಡು ಉಪ್ಪುಕಾಗದ ಹುಡುಕಿಕೊಂಡ. ಪೈಪಿನ ತುದಿಯ ತುಕ್ಕನ್ನು ತಿಕ್ಕಿ ತೆಗೆದರೆ ಬೆಂಗಳೂರು ತಾನಾಗಿ ಬರುತ್ತದೆ. ಈ ಸಲ ಹತ್ತಿರದ ದಾರಿ ಹಿಡಿದ, ಅಡುಗೆಮನೆಯ ಮೂಲಕ. ಅಡುಗೆಮನೆಯ ಮೂಲಕ ಎಂದಮೇಲೆ ಚಪ್ಪಲಿ ಹೊಸ್ತಿಲಾಚೆ ಉಳಿಯಿತು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಸುತ್ತ ನೀರು ನಿಂತಿತ್ತು. ಅದರಲ್ಲಿ ಬರಿಗಾಲಲ್ಲಿ ನಿಂತು ಪಾಲಣ್ಣ ತಂತಿಯನ್ನು ಎಡಗೈ ಮುಷ್ಟಿಯಲ್ಲಿ ಹಿಡಿದ.

ತಂತಿ ಅವನನ್ನು ಹಿಡಿಯಿತು.

ಕೂಗಬೇಕೆಂದುಕೊಂಡ, ಹಲ್ಲು ಹಲ್ಲಿಗೆ ಕಚ್ಚಿಕೊಂಡಿತ್ತು. ಬೆರಳುಗಳಿಗೆ ಬಿಡಿ ಎಂದ. ಅವು ಬೇರೆ ಯಾರದೋ ಮಾತು ಕೇಳುತ್ತಿದ್ದವು. ಎದೆಯ ಮೇಲೆ ಯಾರೋ ಒನಕೆಯಿಂದ ಕುಟ್ಟುತ್ತಿದ್ದಂತೆ. ಇದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇದಾದ ಮೇಲೆ ಏನಾಗುತ್ತದೆ ಎನ್ನುವುದೂ ಗೊತ್ತಿತ್ತು. ಗೊತ್ತಿರುವುದರಿಂದ ಏನೂ ಆಗುವುದಿಲ್ಲ ಎಂಬುದೊಂದು ಆಗ ಗೊತ್ತಾಯಿತು. ಅಡುಗೆಮನೆಯ ಕಿಟಕಿಯಲ್ಲಿ ಅಕ್ಕನ ಮುಖ ಕಂಡಿತು. ತೆರೆದ ಬಾಯಿಯಿಂದ ಸದ್ದೇ ಹೊರಡುತ್ತಿರಲಿಲ್ಲ. ಸೊಸೆ ಹೊಸ್ತಿಲು ದಾಟಿ ಓಡಿಬರುತ್ತಿದ್ದಳು, ಎರಡೂ ಕೈ ಚಾಚಿಕೊಂಡು.

"ಮುಟ್ಟಬ್ಯಾಡ!"

ಆ ದನಿ ಗಾದ್ರಮ್ಮನದು. ಒಂದು ಕೈಯಿಂದ ಅವಳು ಸೊಸೆಯ ಜಡೆ ಹಿಡಿದು ಹಿಂದಕ್ಕೆ ಎಳೆದು ಕೆಡವಿದಳು. ಇನ್ನೊಂದು ಕೈ ಬಾಗಿಲ ಹಿಂದಿನ ಮೊಳೆಯಿಂದ ಮುದ್ದೆಕೋಲನ್ನು ಕಿತ್ತಿತು. ಹುಡುಕಲಿಲ್ಲ, ತಡವರಿಸಲಿಲ್ಲ, ಕತ್ತಲಲ್ಲಿ ಸ್ವಿಚ್ಚಿಗೆ ಕೈ ಹೋಗುವ ಹಾಗೆ ಹೋಯಿತು. ಚಪ್ಪಟ್ ಚಪ್ಪಟ್ ಎಂದು ನಾಲ್ಕು ಹೆಜ್ಜೆ ಬಂದು, ಗಂಡನ ಮಣಿಕಟ್ಟಿಗೆ ಒಂದೇ ಏಟು ಹೊಡೆದಳು.

ಪಾಲಣ್ಣ ಒಗೆಯುವ ಕಲ್ಲಿನ ಮಗ್ಗುಲಿಗೆ, ಸೋಪಿನ ನೀರಿನಲ್ಲಿ ಬಿದ್ದ.

"ಹೀಟ್ರು ಆರ್ಸು! ಮೇನು ಆರ್ಸು!" ಎಂದು ಅವಳು ಸೊಸೆಗೆ ಕೂಗಿದಳು. ಒಳಗೆ 'ಗುಂಯ್' ನಿಂತಿತು.

ಪಾಲಣ್ಣ ಬಿದ್ದಲ್ಲಿಂದಲೇ ನುಗ್ಗೆಮರದ ಎಲೆಗಳನ್ನು ನೋಡುತ್ತಿದ್ದ. ಎಡಗೈ ತನ್ನಷ್ಟಕ್ಕೆ ಅದುರುತ್ತಿತ್ತು. ಗಾದ್ರಮ್ಮ ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಎದೆ ನೀವಿದಳು. ಉಸಿರಾಡುತ್ತಿದ್ದಾನೆ ಎಂದು ಖಾತ್ರಿಯಾದ ಮೇಲೆ ಸೆರಗಿನಿಂದ ಅವನ ಕಿವಿಯೊಳಗಿನ ಸೋಪಿನ ನೊರೆ ಒರೆಸಿದಳು.

"ಈ ಕೋಲು..." ಎಂದ ಪಾಲಣ್ಣ. ನಾಲಗೆ ದಪ್ಪವಾಗಿತ್ತು. "ಈ ಕೋಲು ಇಲ್ಲಿ ಯಾಕಿತ್ತು?"

"ಇಟ್ಟಿದ್ದೆ."

"ಯಾಕೆ?"

"ಇವತ್ತಲ್ಲ ನಾಳೆ ಯಾರನ್ನಾರ ಹಿಡಕಂತೈತೆ ಅಂತ." ಅವಳು ಅವನ ಮುಖ ನೋಡದೆ ಹೇಳಿದಳು. "ನೀವೇ ಹೇಳ್ತಿದ್ದಿರಲ್ರಿ. ಮೈ ಮುಟ್ಟಬಾರದು, ಕೂಗ್ತಾ ನಿಲ್ಲಬಾರದು, ಒಣಾ ಕಟ್ಟಿಗೆ ತಗಂಡು ಹೊಡೀಬೇಕು ಅಂತ. ಅದು ಮುದ್ದೆ ತಿರುವಾಕೆ ಅಲ್ಲ. ಅದನ್ನ ನೀರಿಗೆ ಹಾಕಿಲ್ಲ ನಾನು, ಇಟ್ಟಾಗಿಂದ."

ಪಾಲಣ್ಣ ಕಣ್ಣು ಮುಚ್ಚಿದ. ಆ ಕಥೆಯನ್ನು ಹೇಳುವಾಗ ಅವಳು ಯಾವತ್ತೂ ಎದುರಿಗೆ ಕೂತಿರಲಿಲ್ಲ. ಒಲೆಯ ಮುಂದೆ, ಅವನಿಗೆ ಬೆನ್ನು ಹಾಕಿ, ಹೆಸರಿಗೂ ಹೂಂಗುಟ್ಟದೆ ಮುದ್ದೆ ಕಟ್ಟುತ್ತಿರುತ್ತಿದ್ದಳು.

ಡಾಕ್ಟರಲ್ಲಿಗೆ ಹೋಗೋಣ ಎಂದು ಚೈತ್ರಶ್ರೀ ಆಟೋ ತರಲು ಹೊರಟಳು. ಪಾಲಣ್ಣ ತಡಿ ಎಂದ. ಗೋಡೆ ಹಿಡಿದು ಎದ್ದ. ಹೊಸ್ತಿಲಾಚೆಯಿದ್ದ ಚಪ್ಪಲಿ ತರಿಸಿ ಮೆಟ್ಟಿಕೊಂಡು ಅಡುಗೆಮನೆಗೆ ಬಂದ. ದೇವರ ಜಗುಲಿಯ ಮುಂದೆಯೇ ಬಂದ. ಸಾವಂತ್ರಮ್ಮ ನೋಡಿದಳು, ಬಾಯಿ ತೆರೆಯಲಿಲ್ಲ.

"ಮೇನು ಹಾಕು. ಹೀಟ್ರೂ ಹಾಕು," ಎಂದ ಸೊಸೆಗೆ. "ಹಾಕಿ, ದೂರ ನಿಂತ್ಕ."

ಜೇಬಿನಿಂದ ಟೆಸ್ಟರು ತೆಗೆದು, ಟ್ಯೂಬು ಸುತ್ತಿದ ನಲ್ಲಿಯ ಮೂತಿಗೆ ಮುಟ್ಟಿಸಿದ. ಟೆಸ್ಟರಿನ ಹೊಟ್ಟೆಯಲ್ಲಿ ಕೆಂಪು ದೀಪ ಹತ್ತಿತು. ಸ್ಟೀಲಿನ ಸಿಂಕಿಗೆ ಮುಟ್ಟಿಸಿದ, ಹತ್ತಿತು. ಬಚ್ಚಲ ನಲ್ಲಿ, ಹತ್ತಿತು. ಷವರಿನ ಕೊಳವೆ, ಹತ್ತಿತು. ಹಿತ್ತಲ ಪೈಪು, ಬಟ್ಟೆಯ ತಂತಿ, ತಂತಿಗೆ ಸಿಕ್ಕಿಸಿದ್ದ ಕಬ್ಬಿಣದ ಕ್ಲಿಪ್ಪು. ಒಂದೊಂದೂ ದೀಪಾವಳಿಯ ಹಾಗೆ ಹತ್ತಿತು. ಹೀಟರು ಆರಿಸಲು ಹೇಳಿದ. ಎಲ್ಲವೂ ಆರಿದವು. ಹೀಟರು ಹಾಕಿರದ ಮಧ್ಯಾಹ್ನದ ಹೊತ್ತು ಅಕ್ಕನನ್ನು ಸಾಕ್ಷಿಗೆ ನಿಲ್ಲಿಸಿಕೊಂಡಾಗ ಹೇಗಿದ್ದವೋ ಹಾಗೆ, ಏನೂ ಅರಿಯದವರಂತೆ.

ಬಚ್ಚಲ ಹೊರಗಿನ ನೆಲವನ್ನು ನೋಡುತ್ತ ನಿಂತ. ಮನೆ ಕಟ್ಟಿಸಿದಾಗ ಇಡೀ ಮನೆಯ ಅರ್ತಿಂಗಿನ ತಂತಿಯನ್ನು ಆ ಕಬ್ಬಿಣದ ಪೈಪಿಗೆ ಬಿಗಿದವನು ಅವನೇ. ಕರೆಂಟು ಎಲ್ಲಿ ಸೋರಿದರೂ ಪೈಪಿನ ಮೂಲಕ ಮಣ್ಣಿಗೆ ಇಳಿದುಹೋಗಲಿ ಎಂದು. ಪೈಪು ತೂತಾದಾಗ ಅದನ್ನು ನೆಲದಡಿಯಲ್ಲಿ ಕತ್ತರಿಸಿ ಪ್ಲಾಸ್ಟಿಕ್ ಹಾಕಿಸಿದವನೂ ಅವನೇ, ಪಕ್ಕದಲ್ಲಿ ಕುರ್ಚಿ ಹಾಕಿ ಕೂತು. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಇಳಿಯುವುದಿಲ್ಲ ಎಂದು ಮಕ್ಕಳಿಗೂ ಗೊತ್ತು. ಹಳೆಯ ಹೀಟರಿನಿಂದ ಸೋರಿದ್ದು ಮಣ್ಣಿಗೆ ಹೋಗಲು ದಾರಿ ಕಾಣದೆ ಇಷ್ಟು ದಿನ ಮನೆಯ ನಲ್ಲಿಗಳಲ್ಲೇ ಸುತ್ತುತ್ತಿತ್ತು. ಅದಕ್ಕೆ ಸಿಕ್ಕ ದಾರಿ ಒಂದೇ, ಬೆಳಗ್ಗೆ ಎಲ್ಲರಿಗಿಂತ ಮೊದಲು ಏಳುವ ಒಬ್ಬ ಹೆಂಗಸು.

ಸೊಸೆ ಅತ್ತೆಯ ಕಡೆ ತಿರುಗಿದಳು. "ಅತ್ತೆ, ಅದಕ್ಕೇನಾ ನೀವು ನಂಗೆ ನಲ್ಲಿ ಮುಟ್ಟಾಕೆ ಬಿಡ್ತಿರಲಿಲ್ಲ? ಹೀಟ್ರು ಆರ್ಸಿ ಆಮೇಲೆ..."

"ನೀರು ತುಂಬಿದ ಮ್ಯಾಲೆ ಭಯ ಇಲ್ಲ," ಎಂದಳು ಗಾದ್ರಮ್ಮ. "ಬಕೀಟು ಪ್ಲಾಸ್ಟಿಕ್ಕು."

"ನಂಗಾದ್ರೂ ಹೇಳಬೇಕಿಲ್ವಾ!"

"ಹೇಳಿದ್ರೆ ನಿಂಗೂ ಕೆಂಪು ಗುಳಿಗೆ ಕೊಡಸ್ತಿದ್ರು."

ಅವಳು ಅದನ್ನು ತಮಾಷೆಗೆ ಹೇಳಿರಲಿಲ್ಲ. ಯಾರೂ ನಗಲೂ ಇಲ್ಲ.

ಹೊರಗೆ ಬೈಕು ನಿಂತ ಸದ್ದಾಯಿತು. ಬಂದವನು ಗಿಡ್ಡಪ್ಪ. ಪಾಲಣ್ಣನ ಕೈಕೆಳಗೆ ಕೆಲಸ ಕಲಿತವನು, ಬೀಳ್ಕೊಡುಗೆಯ ರೇಡಿಯೋವನ್ನು ಆರಿಸಿ ತಂದವನು. ಹೆಂಗೆ ಹಾಡ್ತೈತೆ ಎಂದು ನೋಡಿಹೋಗಲು ಬಂದಿದ್ದ. ಅವನು ಹೆಲ್ಮೆಟ್ ತೆಗೆಯುವಷ್ಟರಲ್ಲಿ ಸಾವಂತ್ರಮ್ಮನಿಗೆ ಕಳೆದುಹೋಗಿದ್ದ ದನಿ ವಾಪಸು ಬಂತು.

"ಎಂಥಾ ರೇಡಿಯೋ ತಂದು ಕೊಟ್ರೋ ಯಪ್ಪಾ! ಇನ್ನೊಂದು ಗಳಿಗೆ ಆಗಿದ್ರೆ ನನ್ನ ತಮ್ಮನ್ನ ನುಂಗಿಬಿಡ್ತಿತ್ತು. ಮನಿಗೆ ಬಂದ ದಿನಾನೇ ಶಾಕ್ ಹೊಡದೈತೆ. ಆ ಮಾರಿ ಮಶಿನ್ನ ಮೊದ್ಲು ವಾಪಸ್ ತಗಂಡು ಹೋಗು!"

ಓಣಿಯ ಎರಡು ಬಾಗಿಲು ತೆರೆದುಕೊಂಡವು. ಗಿಡ್ಡಪ್ಪ ಹೌಹಾರಿ ಒಳಗೆ ಬಂದ. ಪಾಲಣ್ಣನ ಒದ್ದೆ ಬಟ್ಟೆ, ಮಣಿಕಟ್ಟಿನ ಬಾವು, ಅದುರುವ ಕೈ ನೋಡಿದ.

"ಅಣ್ಣಾ, ನಿಮಗಾ? ಶಾಕ್ ಹೊಡೀತಾ, ನಿಮಗಾ?" ಅವನು ಹೆಲ್ಮೆಟ್ಟನ್ನು ಕೆಳಗಿಟ್ಟು, "ಪೀಸೇ ಸರಿ ಇಲ್ಲ ಅನ್ನಸ್ತೈತೆ. ಕೊಡ್ರಿ, ಈಗ್ಲೇ ಅಂಗಡಿಯೋನ ಮುಖಕ್ಕೆ ಹೊಡದು ಬರ್ತೀನಿ. ಆಫೀಸ್ನಾಗೂ ಹೇಳ್ತೀನಿ ಎಲ್ಲರಿಗೂ," ಎಂದ.

ಪಾಲಣ್ಣ ಕಿಟಕಿಯ ಕಡೆ ನೋಡಿದ. ರೇಡಿಯೋ ಮಣೆಯ ಮೇಲೆ, ಕುಂಕುಮ ಹಚ್ಚಿಕೊಂಡು, ಸುಮ್ಮನೆ ಟೈಮು ತೋರಿಸುತ್ತಿತ್ತು. ಅದನ್ನು ಗಿಡ್ಡಪ್ಪನ ಕೈಗೆ ಕೊಟ್ಟರೆ ಸಾಕಾಗಿತ್ತು. ಊರು ನಂಬುತ್ತಿತ್ತು. ಚೀನಾ ಮಾಲು ಅನ್ನುತ್ತಿತ್ತು. ಕರೆಂಟ್ ಪಾಲಣ್ಣನ ಮಾತೆಂದರೆ ಚನ್ನಗಿರಿಯಿಂದ ಜಗಳೂರಿನವರೆಗೆ ಎರಡು ಮಾತಿರಲಿಲ್ಲ. ಅರ್ತಿಂಗನ್ನು ಅವನು ಸಂಜೆ ಸದ್ದಿಲ್ಲದೆ ಸರಿಮಾಡಿಕೊಳ್ಳಬಹುದಿತ್ತು. ಸೊಸೆ ಮನೆಯ ಮಾತನ್ನು ಹೊರಗೆ ಆಡುವವಳಲ್ಲ. ಗಾದ್ರಮ್ಮನಂತೂ ಮಾತಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಅವಳು ಮುದ್ದೆಕೋಲನ್ನು ಸೆರಗಿನಿಂದ ಒರೆಸುತ್ತಿದ್ದಳು. ಒರೆಸಿ, ಬಾಗಿಲ ಹಿಂದಿನ ಮೊಳೆಗೆ ವಾಪಸು ನೇತುಹಾಕಿದಳು. ಇನ್ನೂ ಬೇಕಾದೀತು ಎನ್ನುವವಳ ಹಾಗೆ.

ಪಾಲಣ್ಣನಿಗೆ ಆ ಬೆಳಗ್ಗೆ ಬಿದ್ದ ಏಟುಗಳಲ್ಲೆಲ್ಲ ಅದೇ ಜೋರಾಗಿ ಬಿತ್ತು.

"ರೇಡಿಯೋ ಅಲ್ಲ ಕಣೋ," ಎಂದ. ದನಿ ಸಣ್ಣಗಿತ್ತು. ತೆರೆದ ಬಾಗಿಲುಗಳಿಗೆ ಕೇಳಿಸಲಿಕ್ಕಿಲ್ಲ ಅನ್ನಿಸಿ ಇನ್ನೊಮ್ಮೆ ಜೋರಾಗಿ ಹೇಳಿದ. "ರೇಡಿಯೋ ಅಲ್ಲ. ನಮ್ಮನೆ ನಲ್ಲಿ ಜುಮ್ ಅಂತೈತೆ."

"ನಲ್ಲಿನಾ? ನಿಮ್ಮನ್ಯಾಗಾ?"

"ನಮ್ಮನ್ಯಾಗೆ. ಅರ್ತ್ ಇಲ್ಲ. ನಾನೇ ಕತ್ತರಿಸ್ಹಾಕೀನಿ, ಪೈಪು ಹಾಕಿಸೋವಾಗ. ಇವಳು ಆವಾಗಿಂದ ಹೇಳ್ತಾನೇ ಇದ್ಲು."

ಗಿಡ್ಡಪ್ಪ ಪಾಲಣ್ಣನ ಮುಖ ನೋಡಿದ, ಗಾದ್ರಮ್ಮನ ಮುಖ ನೋಡಿದ, ಆಮೇಲೆ ಅವಳ ಕಾಲಿನ ಚಪ್ಪಲಿ ನೋಡಿದ. ಆ ಚಪ್ಪಲಿಯ ಸುದ್ದಿ ಅವನ ಮನೆಯವರೆಗೂ ಹೋಗಿತ್ತು. ಸಾವಂತ್ರಮ್ಮ ತನ್ನ ಉಲ್ಲನ್ನಿನ ಕವರನ್ನು ಮಡಚತೊಡಗಿದಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು.

"ನಾನು ಏನೋ ಅನ್ಕಂಡಿದ್ದೆ," ಎಂದಳು, ಯಾರಿಗೂ ಅಲ್ಲದಂತೆ.

ಗಾದ್ರಮ್ಮ ಒಲೆಯ ಮುಂದೆ ಹೋಗಿ ಬೆನ್ನು ಹಾಕಿ ನಿಂತಳು. ಆಮೇಲೆ ಗಿಡ್ಡಪ್ಪನಿಗೂ ಸೇರಿಸಿ ಚಹಾಕ್ಕೆ ನೀರಿಟ್ಟಳು. ನೀರನ್ನು ನಲ್ಲಿಯಿಂದ ಹಿಡಿಯಲಿಲ್ಲ, ಕೊಡದಿಂದ ಬಗ್ಗಿಸಿದಳು.

ಮರುದಿನ ಪಾಲಣ್ಣ ಹಿತ್ತಲಲ್ಲಿ ತಾನೇ ಆಳುದ್ದ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ, ಹೊಸ ಅರ್ತಿಂಗ್ ಇಳಿಸಿದ. ಕರೆಂಟು ಸೋರಿದರೆ ತಾನಾಗಿ ಆರಿಹೋಗುವ ಸ್ವಿಚ್ಚನ್ನು ಮೇನಿಗೆ ಹಾಕಿದ. ಹೀಟರನ್ನು ಗುಜರಿಗೆ ಕೊಟ್ಟ. ಗಿಡ್ಡಪ್ಪ ಟೆಸ್ಟರು ಹಿಡಿದು ಎಲ್ಲ ನಲ್ಲಿಗಳನ್ನೂ ನೋಡಿ ಸರಿಯಿದೆ ಎಂದ. ಗುಂಡಿ ಒಣಗಬಾರದೆಂದು ಪಾಲಣ್ಣ ಈಗ ದಿನಾ ಬೆಳಗ್ಗೆ ಅದಕ್ಕೊಂದು ಕೊಡ ನೀರು ಹಾಕುತ್ತಾನೆ. ನಲ್ಲೂರಿನ ತೋಟದ ಕಥೆ ಹೇಳುವುದಿಲ್ಲ. ರೇಡಿಯೋ ಅಡುಗೆಮನೆಯ ಕಿಟಕಿಯಲ್ಲಿದೆ. ತಂತಿಯಿಲ್ಲದೆ ಬೆಂಗಳೂರು ಬರುವುದಿಲ್ಲ, ಚಿತ್ರದುರ್ಗ ಚೆನ್ನಾಗಿ ಬರುತ್ತದೆ. ಗಾದ್ರಮ್ಮ ಚಪ್ಪಲಿ ಬಿಟ್ಟಿಲ್ಲ.